ಕಿತ್ತು ನೆಟ್ಟ ಅಟ್ಟಣೆ

“ಮಾಸ್ತರೇ, ಮೊದಲಿಗಿಂತ ನನ್ನ ರಟ್ಟೆ ಗಟ್ಟಿಯಾಗಿದೆ. ಆದರೂ ಚೆಂಡು ಮೊದಲಿಗಿಂತ ಮೆಲ್ಲಗೆ ಹೋಗುತ್ತಿದೆ. ಯಾಕೆ?”

ಹೀಗೆ ಕೇಳಿದವಳು ನೀಲವ್ವ. ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವುದು ಅವಳ ಪಾಲಿನ ಕೆಲಸ. ಎದುರಿಗೆ ದೊಣ್ಣೆ ಹಿಡಿದು ನಿಂತವರು ಬೀಸುವಷ್ಟರಲ್ಲಿ ಚೆಂಡು ಅವರನ್ನು ದಾಟಿ ಹೋಗಿರಬೇಕು. ಇನ್ನು ಹನ್ನೆರಡು ದಿನಕ್ಕೆ ಜಿಲ್ಲೆಯ ತಂಡಕ್ಕೆ ಆಯ್ಕೆ. ಅಷ್ಟರಲ್ಲಿ ಚೆಂಡಿಗೆ ವೇಗ ಬರದಿದ್ದರೆ ಈ ವರ್ಷವೆಲ್ಲ ಅವಳು ಗೆರೆಯಾಚೆ ಕೂತು ಬೇರೆಯವರ ಆಟಕ್ಕೆ ಚಪ್ಪಾಳೆ ತಟ್ಟಬೇಕು.

ಮಾಸ್ತರರು ಬೇವಿನ ಮರದ ಬುಡದಲ್ಲಿ ಕೂತು ಬಿಚ್ಚಿಹೋದ ಚೆಂಡೊಂದಕ್ಕೆ ಹೊಲಿಗೆ ಹಾಕುತ್ತಿದ್ದರು. ಸೂಜಿಯಿಂದ ಕಣ್ಣು ತೆಗೆಯದೆ, “ಏನೇನು ಮಾಡಿದೆ?” ಎಂದರು.

“ಏನು ಮಾಡಿಲ್ಲ ಅಂತ ಕೇಳಿ! ಒಬ್ಬರು ಮೊಣಕೈ ಮೇಲೆತ್ತು ಅಂದರು, ಎತ್ತಿದೆ. ಸೊಂಟ ಮೊದಲು ತಿರುಗಬೇಕು ಅಂದರು ಇನ್ನೊಬ್ಬರು, ತಿರುಗಿಸಿದೆ. ಹೆಜ್ಜೆ ಉದ್ದ ಇಡು ಅಂದರು, ಇಟ್ಟೆ. ಗಿಡ್ಡ ಇಡು ಅಂದರು, ಅದನ್ನೂ ಇಟ್ಟೆ. ಈಗ ಚೆಂಡು ಕೈಗೆ ಬಂದರೆ ಯಾವ ಕಾಲು ಮೊದಲು ಎತ್ತಬೇಕು ಅನ್ನೋದೇ ಮರೆತುಹೋಗುತ್ತೆ. ಭುಜ ಬೇರೆ ನೋಯುತ್ತೆ.”

“ಕೂತುಕೋ,” ಎಂದರು ಮಾಸ್ತರರು. ಅವಳು ಕೂತಳು. ಅವರು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಎರಡೆಕರೆ ಕಪ್ಪು ಮಣ್ಣಿನ ಜೋಳದ ಹೊಲ. ಹೊಲದ ಒಂದು ಮೂಲೆಯಲ್ಲಿ ತೆನೆ ಯಾವಾಗಲೂ ಚೆನ್ನಾಗಿ ಹಿಡಿಯುತ್ತಿತ್ತು. ಮುಂದಿನ ವರ್ಷದ ಬೀಜಕ್ಕೆ ಅವನ ಹೆಂಡತಿ ಅಲ್ಲಿಯ ತೆನೆಗಳನ್ನೇ ಆರಿಸುತ್ತಿದ್ದಳು. ಆರಿಸಿದ ತೆನೆಗೆ ಒಂದೊಂದು ಕೆಂಪು ದಾರ ಕಟ್ಟುತ್ತಿದ್ದಳು. ಆ ದಾರದ ತೆನೆ ಹೋದರೆ ಬಿತ್ತುವುದಕ್ಕೆ ಕಾಳಿಲ್ಲ.

ಕಾಳು ಹಾಲು ತುಂಬಿಕೊಳ್ಳುತ್ತಿದ್ದಂತೆ ಗಿಣಿಗಳ ಹಿಂಡು ಬಂತು. ಜೋಳ ಆಳೆತ್ತರ ಬೆಳೆದಿರುತ್ತದೆ, ನೆಲದ ಮೇಲೆ ನಿಂತರೆ ಏನೂ ಕಾಣದು. ಅದಕ್ಕೇ ರೈತ ಹೊಲದ ನಡುವೆ ನಾಲ್ಕು ಕಂಬ ನೆಟ್ಟು, ಮೇಲೆ ಹಲಗೆ ಹಾಸಿ, ಅಟ್ಟಣೆ ಕಟ್ಟಿದ. ಅಪ್ಪ ಇದ್ದಷ್ಟು ಕಾಲ ಕಂಬ ನೆಡುವ ಕೆಲಸ ಅಪ್ಪನದು, ಹತ್ತಿ ನಿಂತು ಕವಣೆ ಬೀಸುವುದು ಇವನದು. ಆ ವರ್ಷ ಅಪ್ಪ ಇರಲಿಲ್ಲ. ಕಂಬವನ್ನೂ ಇವನೇ ನೆಟ್ಟ. ಗುಂಡಿ ತೋಡಿದ, ಕಂಬ ಇಳಿಬಿಟ್ಟ, ಮಣ್ಣು ಎಳೆದ, ಹತ್ತಿ ನಿಂತ.

ಮೊದಲನೆಯ ಕಲ್ಲು ಬೀಜದ ಮೂಲೆಗೆ ನಾಲ್ಕು ಸಾಲು ಈಚೆ ಬಿತ್ತು.

ರೈತನಿಗೆ ಆಶ್ಚರ್ಯವಾಯಿತು. ಹೋದ ವರ್ಷ ಇದೇ ಕವಣೆ, ಇದೇ ಕೈ, ಕಲ್ಲು ಬದುವಿನ ತನಕ ಹೋಗುತ್ತಿತ್ತು. ಮತ್ತೊಂದು ಬೀಸಿದ. ಅದೂ ಈಚೆಗೇ ಬಿತ್ತು. ಗಿಣಿಗಳು ತೆನೆಯ ಮೇಲೆ ಕೂತು ಕತ್ತು ಓರೆ ಮಾಡಿ ಇವನನ್ನೇ ನೋಡಿದವು.

ಅವನ ಭಾವ ಬಂದು ನೋಡಿದ. “ನಿನಗೆ ರಟ್ಟೆ ಸಾಲದು. ದಿನಾ ಬೆಳಿಗ್ಗೆ ಗುಂಡುಕಲ್ಲು ಎತ್ತು. ಅಟ್ಟಣೆಯನ್ನೂ ಆ ಕಡೆಗೆ ಹತ್ತು ಹೆಜ್ಜೆ ತಳ್ಳು” ಎಂದ. ರೈತ ಗುಂಡುಕಲ್ಲು ಎತ್ತಿದ. ಅಟ್ಟಣೆ ಕಿತ್ತು ಹತ್ತು ಹೆಜ್ಜೆ ಆಚೆ ನೆಟ್ಟ. ಬೀಜದ ಮೂಲೆ ಹತ್ತಿರವಾಯಿತು, ಸರಿ. ಗಿಣಿಗಳು ಹಿಂದಿನ ಮೂಲೆಗೆ ಹೋಗಿ ಕೂತವು. ಅವನ್ನು ಎಬ್ಬಿಸೋಣವೆಂದು ಅತ್ತ ತಿರುಗಿದರೆ ಇತ್ತ ಕೆಂಪು ದಾರದ ತೆನೆಗೆ ಮರಳಿದವು.

ಪಕ್ಕದ ಹೊಲದವನು, ಅಲ್ಲಿ ಬೇಡ, ಬಾವಿಯ ಕಡೆ ನೆಡು, ಗಾಳಿ ಅಲ್ಲಿಂದ ಬರುತ್ತದೆ ಎಂದ. ಅಲ್ಲಿಗೆ ನೆಟ್ಟ. ಕುರಿ ಕಾಯುವವನೊಬ್ಬ, ಕವಣೆ ಎರಡು ಸುತ್ತು ಹೆಚ್ಚು ತಿರುಗಿಸಿ ಬಿಡು, ಬಾವಿಯ ಕಡೆ ಯಾಕೆ ನೆಟ್ಟೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದ. ಸುತ್ತನ್ನೂ ಹೆಚ್ಚಿಸಿದ, ಅಟ್ಟಣೆಯನ್ನೂ ತಿರುಗಿ ಕಿತ್ತ.

ರಟ್ಟೆ ಬಲಿತದ್ದು ನಿಜ. ಅಂಗಿಯ ತೋಳು ಬಿಗಿಯಾಗುವಷ್ಟು ಬಲಿತಿತ್ತು. ಆದರೆ ಅವನು ಬಲ ಹಾಕಿದಷ್ಟೂ ಕಲ್ಲು ಹತ್ತಿರ ಬೀಳತೊಡಗಿತು. ನಾಲ್ಕು ಸಾಲು ಈಚೆ ಬೀಳುತ್ತಿದ್ದುದು ಎಂಟು ಸಾಲು ಈಚೆ ಬಿತ್ತು. ಇದೇನು ಮಾಯವೋ ಅವನಿಗೆ ತಿಳಿಯಲಿಲ್ಲ. ಊಟಕ್ಕೆ ಕೂತಾಗಲೂ ಎಡಗೈಯಿಂದ ಬಲ ರಟ್ಟೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

“ಮುಟ್ಟಿ ನೋಡಬೇಡಿ, ಅಲ್ಲೇ ಇದೆ,” ಎಂದಳು ಹೆಂಡತಿ. “ಮೊದಲು ನಾನು ಹೋಯ್ ಅಂದರೂ ಗಿಣಿಗಳು ಹಾರುತ್ತಿದ್ದವು. ಈಗ ನೀವು ಹತ್ತಿದರೆ, ಇವತ್ತು ಎಲ್ಲಿ ಬೀಳುತ್ತೋ ನೋಡೋಣ ಅಂತ ಸಾಲಾಗಿ ಕೂರುತ್ತವೆ.” ನಗುತ್ತಲೇ ಅಂದಳು, ಆಮೇಲೆ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಹೊತ್ತಿಗೆ ಕೆಂಪು ದಾರದ ತೆನೆಗಳಲ್ಲಿ ಕಾಲು ಭಾಗ ಬರೀ ದಂಟಾಗಿದ್ದವು.

ಬದುವಿನ ಮೇಲೆ ಹುಲ್ಲು ಕೊಯ್ಯುವ ಮುದುಕಿಯೊಬ್ಬಳಿದ್ದಳು. ಐದಾರು ದಿನದಿಂದ ಇದನ್ನೆಲ್ಲ ನೋಡುತ್ತಿದ್ದಳು. ಅವತ್ತು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಅಟ್ಟಣೆಯ ಕೆಳಗೆ ಬಂದಳು. ತಲೆಯೆತ್ತಿ ಅವನ ಕೈ ನೋಡಲಿಲ್ಲ, ಕವಣೆ ನೋಡಲಿಲ್ಲ. ಒಂದು ಕಂಬದ ಮೇಲೆ ಅಂಗೈ ಊರಿ ನಿಂತಳು.

“ಬೀಸು ತಮ್ಮಾ ಒಂದು,” ಎಂದಳು.

ರೈತ ಹಲ್ಲು ಕಚ್ಚಿ ಬೀಸಿದ.

ಅಲುಗಿದ ಕಂಬದಿಂದ ಮುದುಕಿ ಅಂಗೈ ತೆಗೆದು ಉಜ್ಜಿಕೊಂಡಳು. “ನೀನು ಎಸೆದದ್ದರಲ್ಲಿ ಅರ್ಧ ನನ್ನ ಕೈಗೇ ಬಂತಲ್ಲೋ! ಗಿಣಿಗೆ ಅಂತ ಬೀಸಿ ಕಂಬಕ್ಕೆ ಕೊಡ್ತಿದ್ದೀಯ. ಈ ಅಟ್ಟಣೆ ಒಂದು ಕಡೆ ನಿಂತು ಎಷ್ಟು ದಿನ ಆಯಿತು?”

ರೈತ ಯೋಚಿಸಿದ. “ಇಲ್ಲಿ ನೆಟ್ಟು... ನಿನ್ನೆಗೆ ಎರಡು ದಿನ.”

“ಮೊದಲು ಎಲ್ಲಿ ನೆಟ್ಟಿದ್ದೆಯೋ ಅಲ್ಲಿಗೇ ಒಯ್ಯಿ. ಗುಂಡಿಗೆ ಗರಸು ಕಲ್ಲು ಹಾಕು. ಒನಕೆ ತಂದು ಮಣ್ಣು ಕುಟ್ಟು. ಮೂರು ದಿನ ಹತ್ತಬೇಡ, ಮಣ್ಣು ಕಂಬ ಹಿಡಿಯಲಿ.”

“ಮೂರು ದಿನವೇ! ಅಷ್ಟರಲ್ಲಿ ಇರೋದೆಲ್ಲ ತಿಂದು ಮುಗಿಸುತ್ತವಲ್ಲ ತಾಯಿ!”

“ಈಗೇನು ಉಪವಾಸ ಇವೆಯಾ?” ಎಂದಳು ಮುದುಕಿ. ಹುಲ್ಲಿನ ಹೊರೆ ತಲೆಗೇರಿಸಿ ಹೋದಳು.

ರೈತನಿಗೆ ನಂಬಿಕೆ ಬರಲಿಲ್ಲ. ಕಲ್ಲು ಹೋಗುವುದು ಕೈಯಿಂದ, ಮಣ್ಣಿಗೆ ಪೆಟ್ಟು ಕೊಟ್ಟರೆ ಏನು ಬಂತು ಎಂದುಕೊಂಡ. ಆದರೂ ಬೇರೆ ದಾರಿ ಇರಲಿಲ್ಲ. ಮನೆಗೆ ಹೋಗಿ ಒನಕೆ ಕೇಳಿದ.

“ಒನಕೆ ಹೊಲಕ್ಕೆ ಒಯ್ಯೋದಾ?” ಎಂದಳು ಹೆಂಡತಿ. “ಹಾಗೇ ಬೀಸೋ ಕಲ್ಲೂ ಒಯ್ಯಿರಿ. ಗಿಣಿಗಳಿಗೆ ರೊಟ್ಟಿ ಮಾಡಿ ಹಾಕುವಿರಂತೆ.” ಹಾಗೆಂದವಳೇ ಒನಕೆಯ ಒಂದು ತುದಿ ಹಿಡಿದು ಜೊತೆಗೆ ಹೊರಟಳು.

ಇಬ್ಬರೂ ಸೇರಿ ಹಳೆಯ ಗುಂಡಿಯಲ್ಲೇ ಕಂಬ ನಿಲ್ಲಿಸಿದರು. ಗರಸು ಸುರಿದು ಕುಟ್ಟಿದರು, ಮಣ್ಣೆಳೆದು ಕುಟ್ಟಿದರು. ಮೂರು ದಿನ ಗಂಡ ಒಂದು ಮೂಲೆಯಲ್ಲಿ, ಹೆಂಡತಿ ಒಂದು ಮೂಲೆಯಲ್ಲಿ ತಗಡು ಬಡಿಯುತ್ತ, ಕೂಗುತ್ತ ಓಡಾಡಿದರು. ಗಂಟಲು ಬಿದ್ದುಹೋಯಿತು. ಇನ್ನಷ್ಟು ತೆನೆ ಹೋದವು. ಎರಡನೆಯ ದಿನ ಭಾವ ಬಂದು, ಅಟ್ಟಣೆ ಇನ್ನೂ ಸ್ವಲ್ಪ ಎತ್ತರವಿದ್ದರೆ ಚೆನ್ನ ಎಂದ. ರೈತ ಗುದ್ದಲಿಗೆ ಕೈ ಹಾಕಿದ. ಹೆಂಡತಿ ಗುದ್ದಲಿಯ ಮೇಲೆ ಕೂತುಬಿಟ್ಟಳು.

ನಾಲ್ಕನೆಯ ದಿನ ಅವನು ಹತ್ತಿದ. ಕಾಲಡಿ ಏನೋ ಬೇರೆಯಾಗಿತ್ತು, ಏನೆಂದು ತಿಳಿಯಲಿಲ್ಲ. ಎಂದಿನಂತೆ ಬೀಸಿದ. ಮುಂದಿನ ಕಾಲು ಹಲಗೆಯ ಮೇಲೆ ಊರಿತು. ಹಲಗೆ ಅಲುಗಲಿಲ್ಲ. ಮೈ ಅಲ್ಲೇ ನಿಂತಿತು. ನಿಂತ ಮೈಯಿಂದ ಕೈ ಹೊರಟಿತು, ಕೈಯಿಂದ ಕವಣೆ, ಕವಣೆಯಿಂದ ಕಲ್ಲು. ಕಲ್ಲು ಬೀಜದ ಮೂಲೆಯ ಮೇಲೆ ಹಾದು, ಬದು ದಾಟಿ, ಪಕ್ಕದ ಹೊಲದಲ್ಲಿ ಬಿತ್ತು.

“ಯಾವನೋ ಅದು? ನನ್ನ ತಲೆ ಒಡೀಬೇಕು ಅಂತಿದ್ದೀಯಾ?” ಎಂದು ಅಲ್ಲಿಂದ ಕೂಗು ಬಂತು. ಗಿಣಿಗಳು ಎದ್ದವು.

ಕೆಂಪು ದಾರದ ತೆನೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದ್ದವು. ಒತ್ತೊತ್ತಾಗಿ ಬಿತ್ತದೆ ಸಾಲು ಬಿಡಿಸಿ ಬಿತ್ತಿದರೆ ಅಷ್ಟು ಸಾಕು ಎಂದಳು ಹೆಂಡತಿ. ರೈತ ಮಾತ್ರ ಅಟ್ಟಣೆಯ ಮೇಲೆ ನಿಂತು ತನ್ನ ಕೈಯನ್ನೊಮ್ಮೆ, ಕಾಲನ್ನೊಮ್ಮೆ ನೋಡಿಕೊಂಡ. ಯಾವುದು ಎಸೆಯಿತು ಎಂಬುದು ಅವನಿಗೆ ಕೊನೆಗೂ ಬಗೆಹರಿಯಲಿಲ್ಲ.

ಇಲ್ಲಿಗೆ ಕತೆ ನಿಲ್ಲಿಸಿ ಮಾಸ್ತರರು ದಾರ ಕಡಿದರು. ಚೆಂಡನ್ನು ನೀಲವ್ವನ ಕೈಗೆ ಹಾಕಿದರು.

ಅವಳು ಥಟ್ಟನೆ ಎದ್ದು ನಿಂತಳು. ಎಷ್ಟೋ ದಿನದ ಮೇಲೆ ಅವಳ ಮುಖ ಬಿಚ್ಚಿಕೊಂಡಿತ್ತು. “ತಿಳೀತು ಮಾಸ್ತರೇ! ಎಲ್ಲ ಇರೋದು ಕಾಲಲ್ಲೇ. ನಾಳೆಯಿಂದ ಕಾಲನ್ನೇ ಬೇರೆ ಥರ ಊರಿ ನೋಡ್ತೀನಿ!”

ಮಾಸ್ತರರು ಸೂಜಿಯನ್ನು ಅಂಗಿಯ ಅಂಚಿಗೆ ಚುಚ್ಚಿಟ್ಟುಕೊಂಡು ಒಂದೇ ಮಾತು ಹೇಳಿದರು.

“ನೋಡವ್ವಾ, ಮತ್ತೆ ಕಂಬ ಕಿತ್ತೆ.”