ನೀಲಿ ಹುರಿಯ ಚೀಲ

"ಗುರುಗಳೇ, ಶೇಂಗಾದಲ್ಲಿ ವಿಷವಿಲ್ಲ. ಮನೆಮಂದಿಯೆಲ್ಲ ತಿನ್ನುತ್ತೇವೆ. ನನ್ನ ತಂಗಿಯ ಬಾಯಿಗೆ ಒಂದು ಕಾಳು ಬಿದ್ದರೆ ಸಾಕು, ಗಂಟಲು ಊದಿ ಉಸಿರು ಕಟ್ಟುತ್ತದೆ. ಮೊದಲ ಸಲ ತಿಂದಾಗ ಏನೂ ಆಗಿರಲಿಲ್ಲ. ಇದು ಏಕೆ ಹೀಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಉಸಿರು ಕಟ್ಟಿಸುವುದು ಶೇಂಗಾ ಅಲ್ಲ, ದೇಹದ ಕಾವಲು. ಕೇಳು.

ಒಬ್ಬ ಕಾಳಿನ ವ್ಯಾಪಾರಿಯ ಉಗ್ರಾಣಕ್ಕೆ ಒಂದು ವರ್ಷ ಕೆಟ್ಟ ಜೋಳ ಬಂತು. ಅದರಲ್ಲಿ ಉಮ್ಮತ್ತಿ ಬೀಜ ಬೆರೆತಿತ್ತು. ಆ ಜೋಳದ ರೊಟ್ಟಿ ತಿಂದ ಹಮಾಲರು ಎರಡು ದಿನ ಹುಚ್ಚರಂತೆ ಕುಣಿದರು, ಬಡಬಡಿಸಿದರು. ವ್ಯಾಪಾರಿ ಚೀಲಗಳನ್ನು ಅಂಗಳಕ್ಕೆ ಎಳೆಸಿ ಸುಡಿಸಿದ. ಅದರಲ್ಲಿ ತಪ್ಪಿಲ್ಲ. ಆ ಮಾಲು ಸಂತೆಗೆ ಹೋಗಿದ್ದರೆ ಊರೇ ಕೆಡುತ್ತಿತ್ತು.

ಆ ಚೀಲಗಳ ಬಾಯಿಯನ್ನು ನೀಲಿ ಹುರಿಯಿಂದ ಹೊಲಿದಿದ್ದರು. ವ್ಯಾಪಾರಿ ಅದನ್ನೇ ಗುರುತಿಟ್ಟುಕೊಂಡ. ಕಾಳನ್ನು ಬೊಗಸೆಯಲ್ಲಿ ಹಿಡಿದು ನೋಡುವುದು ಈ ವ್ಯಾಪಾರದ ಮೊದಲ ಪಾಠ. ಆದರೆ ದಿನಕ್ಕೆ ನೂರು ಚೀಲ ಬಿಚ್ಚುವವರು ಯಾರು? ಹುರಿ ನೋಡುವುದು ಸುಲಭ. "ನೀಲಿ ಹುರಿ ಕಂಡರೆ ನನ್ನನ್ನು ಕೇಳಬೇಡಿ. ಯಾರೂ ಹೊರಗೆ ಒಯ್ಯದಂತೆ ಬಾಗಿಲು ಹಾಕಿ, ಕಂಡಲ್ಲೇ ಸುಡಿ" ಎಂದು ಹಮಾಲರಿಗೆ ಅಪ್ಪಣೆ ಮಾಡಿದ.

ಮುಂದಿನ ಸುಗ್ಗಿಯಲ್ಲಿ ಒಬ್ಬ ಹೆಂಗಸು ಅರ್ಧ ಚೀಲ ಜೋಳ ಹೊತ್ತು ತಂದಳು. ಅದನ್ನು ಮಾರಿ ಮಗಳ ಬಾಣಂತನ ಮಾಡಬೇಕಿತ್ತು. ಚೀಲವನ್ನು ಒಳಗಿಳಿಸಿ ಹೊರಗೆ ಬಂದು ನಿಂತಳು. ಹಿರಿಯ ಹಮಾಲ ಹುರಿ ಕಂಡ.

"ಏನಬೇ, ಮತ್ತ ನಮ್ಮನ್ನ ಕುಣಸಾಕ ಬಂದೇನು?"

"ಯಣ್ಣಾ, ನಮ್ಮೂರ ಅಂಗಡ್ಯಾಗ ಸಿಗೂದ ಇದೊಂದ ಹುರಿ. ಆ ಉಮ್ಮತ್ತಿ ನಂದಲ್ಲೋ!"

ಹಮಾಲ ಒಳಗಿನಿಂದ ಅಗುಳಿ ಹಾಕಿ ಚೀಲಕ್ಕೆ ಬೆಂಕಿ ಇಟ್ಟ. ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಗೋಣಿಯ ಹೊಗೆ ತುಂಬಿ ಅವನ ಗಂಟಲು ಕಟ್ಟಿತು. ಕತ್ತಲಲ್ಲಿ ಅಗುಳಿ ಕೈಗೆ ಸಿಗಲಿಲ್ಲ. ವ್ಯಾಪಾರಿ ಹೊರಗೆ ನಿಂತು "ನನ್ನ ಮಾಲು, ನನ್ನ ಮಾಲು" ಎನ್ನುತ್ತಿದ್ದ. ಹಾರೆ ಹಿಡಿದು ಬಾಗಿಲು ಮೀಟಿ, ಹಮಾಲನನ್ನು ಕಾಲು ಹಿಡಿದು ಎಳೆದು ತಂದವಳು ಆ ಹೆಂಗಸು.

ಹಮಾಲ ಬದುಕಿದ. ಆದರೆ ಮತ್ತೆ ಚೀಲ ಹೊರುವಷ್ಟು ಉಸಿರು ಅವನಿಗೆ ಬರಲಿಲ್ಲ. ಬೂದಿ ಕೆದಕಿ ಅರೆಸುಟ್ಟ ಕಾಳು ನೋಡಿದರು. ಬರೀ ಜೋಳ. ಒಳ್ಳೆಯ ಜೋಳ.

ನಿನ್ನ ತಂಗಿಯ ದೇಹವೂ ಕಾಳು ನೋಡುತ್ತಿಲ್ಲ, ಹುರಿ ನೋಡುತ್ತಿದೆ. ಮೊದಲ ಸಲ ತಿಂದಾಗ ಅದು ಶೇಂಗಾವನ್ನು ತಪ್ಪಾಗಿ ವೈರಿಯೆಂದು ಗುರುತಿಟ್ಟುಕೊಂಡಿತು, ಅಷ್ಟೇ. ಕಾವಲು ಇಲ್ಲದಿದ್ದರೆ ಉಮ್ಮತ್ತಿ ಕೊಲ್ಲುತ್ತದೆ. ಕಾವಲು ದುಡುಕಿದರೆ ತನ್ನ ಮನೆಗೇ ಹೊಗೆ ಹಾಕಿಕೊಳ್ಳುತ್ತದೆ.

ಶಿಷ್ಯ ಕೇಳಿದ: "ವ್ಯಾಪಾರಿ ಆ ಹೆಂಗಸಿನ ಕ್ಷಮೆ ಕೇಳಿದನೇ?"

ಗುರುಗಳು ನೆಲ ನೋಡುತ್ತ ಹೇಳಿದರು: "ಇಲ್ಲಪ್ಪ, ನಾನು ಅವಳ ಹೆಸರನ್ನೂ ಕೇಳಲಿಲ್ಲ."