ಕುಚ್ಚು ಮೀನಿನ ಮರಿ ಕಾದ ಮಾಯಕ್ಕ

ಕೇಳ್ರಪ್ಪಾ, ನಮ್ಮಜ್ಜನ ಅಜ್ಜನೂ ಹುಟ್ಟದಿದ್ದ ಕಾಲ. ಒಂದೂರು, ಊರ ಮುಂದೊಂದು ಕೆರೆ, ಕೆರೆಯ ಜೊಂಡಿನೊಳಗೆ ಕುಚ್ಚು ಮೀನು. ಕೆರೆ ಬತ್ತಿದರೂ ಕೆಸರಲ್ಲಿ ಹೂತ್ಕೊಂಡು ಜೀವ ಹಿಡಿಯೋ ಮೀನದು. ಅದನ್ನ ಬರಿಗೈಲಿ ಹಿಡಿಯೋಳು ಬೆಸ್ತರ ಮಾಯಕ್ಕ. ನೀರಿನ ಗುಳ್ಳೆ ನೋಡಿಯೇ ಮೀನು ಎಲ್ಲಿದೆ ಅಂತ ಹೇಳ್ತಿದ್ದಳಂತೆ.

ಕುಚ್ಚು ಮರಿ ಮಾಡಿದರೆ ನೀರ ಮೇಲೆ ಕುಂಕುಮ ಚೆಲ್ಲಿದಂಗೆ ಕೆಂಪು ಗುಂಪು ತೇಲ್ತದೆ. ಕೆಳಗೆ ತಾಯಿ ಕಾವಲು. ಮರಿ ತಂಟೆಗೆ ಹೋದವರ ಮೇಲೆ ತಾಯಿ ಎಗರಿ ಬರ್ತದೆ, ಹಂಗಾಗಿ ಹಿಡಿಯೋದು ಬಲು ಸಲೀಸು. ಸಲೀಸು ಅಂತಲೇ ಬೆಸ್ತರು ಮರಿ ಕಾಯೋ ಹೊತ್ತಲ್ಲಿ ಅದನ್ನ ಮುಟ್ತಿರಲಿಲ್ಲ. ಅದು ಅವರ ಕಟ್ಟುಪಾಡು.

ಒಂದು ವರ್ಷ ಬಿಸಿಲು ಕೆರೆಯನ್ನೇ ಕುಡೀತು. ಮುಂಗಾರು ಬಂದು ಮೊಣಕಾಲುದ್ದ ನೀರು ನಿಂತಾಗ ಉಳಿದಿದ್ದದ್ದು ಒಂದೇ ತಾಯಿ ಮೀನು, ಅದರ ಮರಿಗಳು. ಅದೇ ಹೊತ್ತಿಗೆ ಮಾಯಕ್ಕನ ಮಗಳು ಪುಟ್ಟೀರಿ ಹೆತ್ತು ಹಾಸಿಗೆ ಹಿಡಿದಳು. ರಕ್ತ ನಿಲ್ಲದು, ಅನ್ನ ಸೇರದು. ಕುಚ್ಚಿನ ಸಾರು ಕುಡಿಸಿದರೆ ಉಳಿದಾಳು ಅಂದಳು ಸೂಲಗಿತ್ತಿ.

ಅಯ್ಯೋ, ಹೆತ್ತ ಕರುಳು ಏನು ಮಾಡೀತು! ಮಾಯಕ್ಕ ಕೆರೆಗಿಳಿದು ಮರಿಗಳ ನಡುವೆ ಕೈಯಿಟ್ಟಳು. ತಾಯಿ ಎಗರಿ ಬಂತು. ಹಿಡಿದಳು. ಸಾರು ಕುಡಿದ ಪುಟ್ಟೀರಿ ಕಣ್ಣು ಬಿಟ್ಟಳು.

ಬೆಳಗ್ಗೆ ನೋಡಿದರೆ ಮಿಂಚುಳ್ಳಿ, ಬೆಳ್ಳಕ್ಕಿ ಎಲ್ಲಾ ಸೇರಿ ಮರಿಗಳನ್ನ ಹೆಕ್ಕಿ ಹೆಕ್ಕಿ ತಿಂತಿದ್ದವು. ಇವೂ ಹೋದರೆ ಕೆರೆಯಲ್ಲಿ ಕುಚ್ಚಿನ ಬೀಜವೇ ಇಲ್ಲ. ಮಾಯಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಕೈ ಬೀಸಿ ಹಕ್ಕಿ ಓಡಿಸ್ತಾ ನಿಂತಳು. ಉಣ್ಣೋಕೆ ಕರೆದರೂ ಬರಲಿಲ್ಲ. ಜಿಗಣೆ ಹತ್ತಿದವು, ಪಾದ ಕೊಳೀತು, ನಿಂತೇ ಇದ್ದಳಂತೆ. ಪುಟ್ಟೀರಿ ಕೂಸು ಎತ್ಕೊಂಡು ದಡಕ್ಕೆ ಬಂದು ಗೋಳಾಡಿದಳು, “ಅವ್ವಾ, ಮೇಲೆ ಬಾರೇ!”

“ನಿಂಗೆ ಅವ್ವ ಇದ್ಲು, ಉಳ್ಕೊಂಡೆ. ಇವಕ್ಕೆ ಯಾರವ್ರೆ ಕಣವ್ವ?” ಅಂದಳಂತೆ ಮಾಯಕ್ಕ.

ಆಮೇಲೆ ದೊಡ್ಡ ಮಳೆ ಹುಯ್ತು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಹೂಳಲ್ಲಿ ಹೂತ ಕಾಲು ಕೀಳೋಕಾಗಲಿಲ್ಲ ಅಂತಾರೆ. ಕೀಳೋಕೆ ಅವಳೇ ಒಪ್ಪಲಿಲ್ಲ ಅಂತಲೂ ಅಂತಾರೆ. ಊರೋರು ಹಗ್ಗ ಎಸೆದರು. ಅವಳು ಹಿಡಿಯಲಿಲ್ಲ.

ಮೀನು ಉಳೀತು. ಇವತ್ತಿಗೂ ಕೆಂಪು ಗುಂಪು ಕಂಡ ದಿನ ಆ ಊರ ಬೆಸ್ತರ ಕೇರಿಯ ಒಬ್ಬ ತಾಯಿ ನೀರಿಗಿಳಿದು ಮರಿ ಕಾಯ್ತಾಳೆ. ದಡದ ಮೇಲೆ ಅವಳ ಮಗಳು ನಿಂತು “ಅವ್ವಾ, ಮೇಲೆ ಬಾ” ಅಂತ ಕರೀಬೇಕು. ಕರೆದ ಕೂಡಲೇ ತಾಯಿ ಬಂದುಬಿಡಬೇಕು. ಚೂರು ತಡವಾದರೂ ಹೆಣ್ಣುಮಕ್ಕಳು ನಿಜವಾಗಿಯೇ ಅಳ್ತಾರೆ.