ಹುಲಿಗೆವ್ವನ ಆಡಿನ ಗಂಟೆಗಳು

ಮೌನೇಶ ಕಂಚಿನ ಗಂಟೆ ಎರಕ ಹೊಯ್ಯುವವನು. ಹನ್ನೆರಡು ವರ್ಷ ವಿರೂಪಣ್ಣನ ಕಾರ್ಖಾನೆಯಲ್ಲಿ ಒಂದೇ ಅಚ್ಚಿನ ಗಂಟೆ ಹೊಯ್ದು ಬೇಸತ್ತು, ಕೊನೆಗೆ ತನ್ನದೇ ಕುಲುಮೆ ಹೂಡಿದ. ತನ್ನ ಮನಸ್ಸಿನಲ್ಲಿದ್ದ ನಾದ ತನ್ನ ಕೈಯಿಂದಲೇ ಹುಟ್ಟಬೇಕೆಂಬುದು ಅವನ ಆಸೆ.

ಮೊದಲು ಸಿಕ್ಕಿದ್ದೇ ದೊಡ್ಡ ಕೆಲಸ. ಊರಿನ ಮಠಕ್ಕೆ ಸೊಂಟದೆತ್ತರದ ಗಂಟೆ. ಮೂರು ತಿಂಗಳು ದುಡಿದ. ಗಂಟೆ ಕಟ್ಟುವ ದಿನ ಊರೆಲ್ಲ ಸೇರಿತ್ತು. ಮೊದಲ ಪೆಟ್ಟಿಗೇ ಅದು ಸೀಳಿತು. ನಾದದ ಬದಲು ಒಡಕು ತಪ್ಪಲೆಯ ಸದ್ದು ಬಂತು. ಜನ ಗೊಳ್ಳೆಂದು ನಕ್ಕರು. ತಲೆ ತಗ್ಗಿಸಿ ಮನೆ ಸೇರಿದ ಮೌನೇಶ ಎಂಟು ದಿನ ಹೊರಗೆ ಕಾಲಿಡಲಿಲ್ಲ.

ವಿರೂಪಣ್ಣ ತಾನಾಗಿಯೇ ಬಂದ. "ಸೋಮವಾರದಿಂದ ಕೆಲಸಕ್ಕ ಬಾರೋ. ನಿನ್ನ ಗಂಟಿ ಇನ್ನ ಯಾರು ತಗೋತಾರ?"

ಮೌನೇಶ "ಹೂಂ" ಅಂದ.

ಭಾನುವಾರ ಹುಲಿಗೆವ್ವ ಬಂದಳು. ಆಡು ಕಾಯುವ ಮುದುಕಿ. ಅವಳ ಕಣ್ಣು ಮಂಜಾಗಿತ್ತು.

"ಎರಡು ಆಡು ಕಳಕೊಂಡೆ, ಯಪ್ಪಾ. ಯಾವುದು ಹಿಂದ ಉಳೀತು ಅಂತ ಕಾಣಂಗಿಲ್ಲ. ಹಿಂಡು ಮಾರಿಬಿಡು ಅಂತಾನ ಮಗ. ಮಾರಿ ನಾ ಏನು ಮೂಲ್ಯಾಗ ಕುಂದರಲೇನು? ಉಳಿದ ಇಪ್ಪತ್ಮೂರು ಆಡಿಗೆ ಇಪ್ಪತ್ಮೂರು ದನಿ ಗಂಟಿ ಮಾಡಿ ಕೊಡ್ತೀ? ಕಿವಿಲೇ ಗುರುತು ಹಿಡೀತೀನಿ."

"ನನ್ನ ಗಂಟಿ ಒಡದದ್ದು ನಿನಗ ಗೊತ್ತಿಲ್ಲೇನಬೇ?"

"ಗೊತ್ತೈತಿ. ವಿರೂಪಣ್ಣನ ಗಂಟಿ ಒಡಿಯಂಗಿಲ್ಲ, ಖರೆ. ಆದ್ರ ಎಲ್ಲಾ ಒಂದ ದನಿ. ಅವು ನನಗ್ಯಾಕ?"

ಸೋಮವಾರ ಮೌನೇಶ ಕಾರ್ಖಾನೆಗೆ ಹೋಗಲಿಲ್ಲ. ಮಠದವರು ಹಿಂದಕ್ಕೆ ಕಳಿಸಿದ್ದ ಗಂಟೆಯ ಮುಂದೆ ಮೊದಲ ಸಲ ಕೂತು, ಸೀಳು ಎಲ್ಲಿಂದ ಶುರುವಾಗಿದೆ ಎಂದು ಬೆರಳಾಡಿಸಿ ನೋಡಿದ. ಎರಕ ಆರುವ ಮೊದಲೇ ಅಚ್ಚು ಬಿಚ್ಚಿದ ತನ್ನ ಅವಸರದಿಂದಲೇ ಅದು ಸೀಳಿತೆಂದು ತಿಳಿಯಿತು. ಅದೇ ಕಂಚನ್ನು ಕರಗಿಸಿದ.

ಮೊದಲು ಮಾಡಿದ ಎಂಟು ಗಂಟೆಗಳನ್ನು ಹುಲಿಗೆವ್ವ ಕಣ್ಣು ಮುಚ್ಚಿ ಕೇಳಿದಳು. "ಇವೆರಡೂ ಅವಳಿ-ಜವಳಿ. ತೆಗಿ. ಇದು ಕೆಮ್ಮತೈತಿ. ತೆಗಿ." ಹೀಗೆ ಎಂಟರಲ್ಲಿ ಐದನ್ನು ಅವಳು ಬೇಡವೆಂದಳು. ಈ ಸಲ ಮೌನೇಶನಿಗೆ ನಗು ಬಂತು. ಒಂದರ ಅಂಚು ತೆಳು ಮಾಡಿದ, ಇನ್ನೊಂದರ ಹೊಟ್ಟೆ ದಪ್ಪ ಮಾಡಿದ. ನಲವತ್ತಕ್ಕೂ ಹೆಚ್ಚು ಗಂಟೆ ಕೆಟ್ಟ ಮೇಲೆ ಇಪ್ಪತ್ಮೂರು ದನಿ ನಿಂತವು.

ಆ ಗಂಟೆಗಳನ್ನು ಆಡುಗಳ ಕೊರಳಿಗೆ ಕಟ್ಟಿದ ಮೇಲೆ, ಒಂದು ಸಂಜೆ ಹುಲಿಗೆವ್ವನ ಜೊತೆ ಅವನೂ ಗುಡ್ಡದಿಂದ ಇಳಿಯುತ್ತಿದ್ದ. ಸುತ್ತ ಬೇರೆಯವರ ಹಿಂಡುಗಳು, ನೂರಾರು ಗಂಟೆಗಳ ಗದ್ದಲ. ಹುಲಿಗೆವ್ವ ತಟ್ಟನೆ ನಿಂತಳು.

"ಚುಕ್ಕಿ ದನಿ ಇಲ್ಲ. ಗಬ್ಬದ ಆಡು ಅದು."

ಸರಸರ ಹಿಂದಕ್ಕೆ ನಡೆದಳು. ಹಾಳುಬಿದ್ದ ಕಲ್ಲುಕ್ವಾರಿಯ ಹತ್ತಿರ ಕಿವಿಗೊಟ್ಟು, "ಅಲ್ಲೇ, ಕೆಳಗ!" ಎಂದು ಕೂಗಿದಳು. ಮೌನೇಶ ಇಳಿದು ನೋಡಿದರೆ ಪೊದೆಯಲ್ಲಿ ಕಾಲು ಸಿಕ್ಕಿಸಿಕೊಂಡ ಚುಕ್ಕಿ ಕತ್ತು ಕೊಡವುತ್ತಿತ್ತು. ಹೆಗಲ ಮೇಲೆ ಹೊತ್ತು ತಂದ. ಮುದುಕಿ ಆಡನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಆ ರಾತ್ರಿ ಅವಳ ಮಗ ಹಿಂಡು ಮಾರುವ ಮಾತೆತ್ತಲಿಲ್ಲ.

ಮರುದಿನ ದಾರಿಯಲ್ಲಿ ವಿರೂಪಣ್ಣ ಎದುರಾದ. "ದಿನಕ್ಕ ಇನ್ನೂರು ಗಂಟಿ ಹೊಯ್ಯೋ ಕೈ ನಿಂದು. ಇಪ್ಪತ್ಮೂರು ಮಾಡಿ ಏನು ಗೆದ್ದಿ?"

ಮೌನೇಶ ತಲೆಯೆತ್ತಿ ಹೇಳಿದ: "ಇಪ್ಪತ್ಮೂರೂ ಮನಿಗೆ ಬಂದ್ವಣ್ಣಾ."

ನೀತಿ: ಕೆಟ್ಟದ್ದು ಕೆಲಸವೇ ಹೊರತು ಕೆಲಸಗಾರನಲ್ಲ. ಯಾಕೆ ಕೆಟ್ಟಿತೆಂದು ಕೂತು ನೋಡುವವನಿಗೆ ಸೋಲೇ ಪಾಠ ಹೇಳುತ್ತದೆ. ಗೆಲುವನ್ನು ಊರಿನ ನಗೆಯಿಂದಲೂ ಪರರ ಲೆಕ್ಕದಿಂದಲೂ ಅಳೆಯಬೇಡಿ. ನೀವು ಮಾಡಿದ್ದು ಯಾರ ಬದುಕಿಗೆ ಒದಗಿತೆಂದು ಕೇಳಿಕೊಳ್ಳಿ.